ಹದಿನೈದು ಗಂಟೆಯ ತಕರಾರು

ವರದಿಯ ಆ ಸಾಲನ್ನು ಸಂಶೋಧನಾ ವಿದ್ಯಾರ್ಥಿ ದಿಲೀಪ್ ಜೋರಾಗಿ ಓದಬಾರದಿತ್ತು. ಚಾಮರಾಜನಗರದ ಕಾಲೇಜಿನ ಹಿಂಬದಿಯ ಪುಟ್ಟ ಲ್ಯಾಬಿನಲ್ಲಿ ಕೂತು, ಕಂಪ್ಯೂಟರಿನಲ್ಲಿದ್ದ ಇಂಗ್ಲಿಷ್ ವರದಿಯನ್ನು ಶಿವಮ್ಮನವರಿಗೆ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದವನು ಅದೇ ಓಟದಲ್ಲಿ ಅದನ್ನೂ ಹೇಳಿಬಿಟ್ಟ.

"ಸಹಾಯಕಿ ಸಮಯ ಬರೆದುಕೊಳ್ಳೋದರಲ್ಲಿ ತಪ್ಪಾಗಿರಬಹುದು. ಆದ್ದರಿಂದ ಮೂರು ತಂಡದ ಮೊಟ್ಟೆಗಳ ಅಂಕಿಗಳನ್ನ ಕೈಬಿಡಲಾಗಿದೆ."

ಗಾಜಿನ ಸ್ಲೈಡುಗಳನ್ನು ತೊಳೆಯುತ್ತಿದ್ದ ಶಿವಮ್ಮ ನಲ್ಲಿ ನಿಲ್ಲಿಸಿದರು.

"ಸಾಯಕಿ ಅಂದ್ರ ಯಾರಪ್ಪ?"

"ನೀವೇ ಅಕ್ಕಾ."

ಶಿವಮ್ಮ ಗುಂಡ್ಲುಪೇಟೆಯವರು. ವಯಸ್ಸು ಐವತ್ತೇಳು, ಓದಿದ್ದು ಏಳನೇ ಕ್ಲಾಸು. ರೇಷ್ಮೆ ಬಿತ್ತನೆ ಕೋಠಿಯೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದರು. ರೈತರಿಗೆ ಕೊಡುವ ರೇಷ್ಮೆ ಹುಳುವಿನ ಮೊಟ್ಟೆ ತಯಾರಾಗುವುದು ಅಲ್ಲಿ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಒಂದು ತೊಟ್ಟನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಗಂಟು ರೋಗದ ಕಣಗಳಿವೆಯೇ ಎಂದು ನೋಡುವುದು ಅವರ ಕೆಲಸ. ಒಂದು ತಪ್ಪಿದರೆ ಒಂದು ಊರಿನ ಹುಳುವೆಲ್ಲ ಸಾಯುತ್ತದೆ. ದಿನಕ್ಕೆ ನೂರಾರು ಚಿಟ್ಟೆ ನೋಡಿದ ಕಣ್ಣು ಅದು. ಕೋಠಿ ಮುಚ್ಚಿದ ಮೇಲೆ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರ್ ನಾಗಲಕ್ಷ್ಮಿ ಹುಡುಕಿಕೊಂಡು ಬಂದು ಅವರನ್ನು ಗುತ್ತಿಗೆಯ ಮೇಲೆ ಲ್ಯಾಬಿಗೆ ಸೇರಿಸಿಕೊಂಡಿದ್ದರು. ಸಾಸಿವೆಗಿಂತ ಚಿಕ್ಕದಾದ ಮೊಟ್ಟೆಯ ಸಿಪ್ಪೆ ಬಿಡಿಸಿ, ಒಳಗಿನ ಭ್ರೂಣವನ್ನು ಮುರಿಯದೆ ಹೊರತೆಗೆಯಬಲ್ಲವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ.

ನಾಗಲಕ್ಷ್ಮಿಯವರ ಸಂಶೋಧನೆ ಭ್ರೂಣದ ಬೆಳವಣಿಗೆ ಕುರಿತದ್ದು. ನಮ್ಮ ಮೈಸೂರು ತಳಿಯ ಹುಳು ಮೊಟ್ಟೆಯೊಳಗೆ ಯಾವ ಗಂಟೆಗೆ ಏನಾಗುತ್ತದೆ ಎಂಬುದನ್ನು ಫೋಟೋ ಸಮೇತ ದಾಖಲಿಸುವುದು ಯೋಜನೆ. ಅದರಲ್ಲಿ ಮುಖ್ಯವಾದದ್ದೊಂದು ಗಳಿಗೆಯಿದೆ. ಮೊದಮೊದಲು ಭ್ರೂಣ ಕಾಲುಗಳನ್ನು ಹೊರಗೆ ಚಾಚಿ, ಬೆನ್ನನ್ನು ಒಳಗೆ ಬಾಗಿಸಿ ಮಲಗಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಇಡೀ ಮೈ ಹೊರಳಿಸಿ, ಹೊಟ್ಟೆ ಒಳಗೆ ಬೆನ್ನು ಹೊರಗೆ ಮಾಡಿಕೊಳ್ಳುತ್ತದೆ. ಹೊರಳಲಾಗದ್ದು ಬದುಕುವುದಿಲ್ಲ. ಈ ಹೊರಳು ಮೊಟ್ಟೆಯಿಟ್ಟ ನೂರಿಪ್ಪತ್ತನೇ ಗಂಟೆಗೆ ಆಗುತ್ತದೆ ಎಂದು ಪ್ರೊಫೆಸರ್ ಗುರುಪಾದಸ್ವಾಮಿ ಮೂವತ್ತು ವರ್ಷದ ಹಿಂದೆಯೇ ಪಟ್ಟಿ ಮಾಡಿದ್ದರು. ಎಲ್ಲರೂ ಆ ಪಟ್ಟಿಯನ್ನೇ ಬಳಸುತ್ತಿದ್ದರು. ನಾಗಲಕ್ಷ್ಮಿ ಅವರ ಶಿಷ್ಯೆ. ಈ ಯೋಜನೆಗೂ ಗುರುಪಾದಸ್ವಾಮಿಯವರೇ ಹಿರಿಯ ಸಲಹೆಗಾರರು.

ಶಿವಮ್ಮನವರ ಪುಸ್ತಕದಲ್ಲಿ ಮಾತ್ರ ಮೂರು ಸಲವೂ ನೂರಮೂವತ್ತೈದು ಗಂಟೆ ಎಂದಿತ್ತು.

ಅಂದು ಸಂಜೆ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಮನೆಗೆ ಬಂದವರು ಗಂಡ ಪುಟ್ಟಮಾದಯ್ಯನವರಿಗೆ ವಿಷಯ ಹೇಳಿದರು. ತರಕಾರಿ ಮಂಡಿಯಲ್ಲಿ ಈರುಳ್ಳಿ ತೂಗುವ ಕೆಲಸದ ಪುಟ್ಟಮಾದಯ್ಯ ಆಗ ತಾನೇ ಕೈಕಾಲು ತೊಳೆದು ಕೂತಿದ್ದರು.

"ಬುಡಮ್ಮಿ, ದೊಡ್ಡೋರ ಮಾತು. ಆ ಬುದ್ಧಿಯೋರು ಬರ್ದವ್ರ ಅಂದ್ಮ್ಯಾಲ ನಮ್ದೇನದ?"

"ನೀ ತೂಗಿದ ಮೂಟೇನ ತಪ್ಪು ಅಂದ್ರ ಸುಮ್ಕಿದ್ದೀಯಾ?"

"ಅದ್ಯಾಕ ಸುಮ್ಕಿರನ? ಇನ್ನೊಂದ್ಸಲ ತೂಗಿ ತೋರುಸ್ತೀನಿ."

"ಆಂ. ನಾನೂ ಅದ್ನೇ ಮಾಡಾದು."

ಮರುದಿನ ಬೆಳಿಗ್ಗೆ ಶಿವಮ್ಮ ನಾಗಲಕ್ಷ್ಮಿಯವರ ಕೋಣೆಯ ಬಾಗಿಲಲ್ಲಿ ನಿಂತು, ಕೂರಿ ಎಂದರೂ ಕೂರದೆ ಹೇಳಿದರು: "ಮೇಡಮ್ಮೋರೇ, ನನ್ನ ಲೆಕ್ಕ ತಪ್ಪು ಅಂತ ಬರ್ಸಿದ್ದೀರಿ. ನನ್ನ ಕೇಳ್ನಿಲ್ಲ."

ನಾಗಲಕ್ಷ್ಮಿ ತಲೆ ತಗ್ಗಿಸಿದರು. "ಬರೆಸಿದ್ದು ನಾನಲ್ಲ ಶಿವಮ್ಮ. ಸರ್ ಹೇಳಿದರು. ಅವರ ಪಟ್ಟಿಗಿಂತ ಹದಿನೈದು ಗಂಟೆ ಹಿಂದೆ ಬಿದ್ದಿದೆ, ಎಲ್ಲೋ ಎಡವಟ್ಟಾಗಿದೆ ಅಂದ್ರು."

"ಇನ್ನೊಂದ್ಸಲ ಮಾಡನ. ಗಡಿಯಾರ ದಿಲೀಪ ಇಟ್ಕಳ್ಳಲಿ. ಬರೆಯೋದು ಅವ್ನೇ ಬರೀಲಿ. ನಾನು ಮೊಟ್ಟೆ ಮಾತ್ರ ಮುಟ್ಟೀನಿ."

ನಾಗಲಕ್ಷ್ಮಿಗೆ ಗುರುವಿನ ಮಾತು ಮೀರಿ ಅಭ್ಯಾಸವಿರಲಿಲ್ಲ. ಆದರೂ ಎದುರಿಗೆ ನಿಂತ ಹೆಂಗಸು ಕೇಳುತ್ತಿದ್ದುದು ಯಾವ ವಿಜ್ಞಾನಿಯೂ ಇಲ್ಲವೆನ್ನಲಾಗದ ಮಾತನ್ನು. ಆಗಲಿ ಎಂದರು.

ಮಧ್ಯಾಹ್ನ ಗಂಡಿನಿಂದ ಜೋಡಿ ಬಿಡಿಸಿದ ಹೆಣ್ಣುಚಿಟ್ಟೆಗಳನ್ನು ಶಿವಮ್ಮ ಒಂದೊಂದಾಗಿ ಹಾಳೆಯ ಮೇಲಿಟ್ಟು ಬಟ್ಟಲು ಕವುಚಿದರು. ಸಂಜೆ ಬೆಳಕು ಇಳಿಯುತ್ತಿದ್ದಂತೆ ಚಿಟ್ಟೆಗಳು ಮೊಟ್ಟೆಯಿಡತೊಡಗಿದವು. ಅರ್ಧ ಗಂಟೆಗೊಮ್ಮೆ ಹಾಳೆ ಬದಲಾಯಿಸಿದರು. ಏಳು ಗಂಟೆಗೆ ತೆಗೆದ ಹಾಳೆಗಳ ಮೇಲೆ ದಿಲೀಪ್ ತನ್ನ ಕೈಯಾರೆ ಹೊತ್ತು ಬರೆದು ಸಹಿ ಹಾಕಿದ. ಆಮೇಲೆ ದಿನವೂ ಒಂದಷ್ಟು ಮೊಟ್ಟೆಗಳನ್ನು ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಅದ್ದಿ, ಸಿಪ್ಪೆ ಬಿಡಿಸಿ ನೋಡಿದರು. ನೂರಿಪ್ಪತ್ತನೇ ಗಂಟೆಗೆ ಒಂದೂ ಹೊರಳಿರಲಿಲ್ಲ. ನೂರಮೂವತ್ತೈದನೇ ಗಂಟೆಯ ಹೊತ್ತಿಗೆ ಮುಕ್ಕಾಲು ಪಾಲು ಹೊರಳಿದ್ದವು. ಇನ್ನೊಂದು ತಂಡ ಮಾಡಿದರು. ಅದೂ ಹಾಗೆಯೇ.

"ಅಕ್ಕಾ, ನಿಮ್ಮದೇ ಸರಿ," ಎಂದ ದಿಲೀಪ್. "ಹಾಗಾದರೆ ಸರ್ ಪಟ್ಟಿ ಯಾಕೆ ಹಾಗಿದೆ?"

"ಅವ್ರನ್ನೇ ಕೇಳ್ಬೇಕು."

ಕೇಳುವ ದಿನವೂ ಬಂತು. ಯೋಜನೆಯ ವಾರ್ಷಿಕ ಸಭೆ ಆ ವರ್ಷ ಚಾಮರಾಜನಗರದಲ್ಲೇ ನಡೆಯಿತು. ಬೇರೆ ಬೇರೆ ಊರುಗಳ ಲ್ಯಾಬುಗಳಿಂದ ಇಪ್ಪತ್ತು ಮಂದಿ ಬಂದಿದ್ದರು. ಹಣ್ಣಿನ ನೊಣದ ಭ್ರೂಣ ಓದುವವರು, ಮೀನಿನ ಭ್ರೂಣ ಓದುವವರು, ಕೋಳಿಮೊಟ್ಟೆಗೆ ಕಿಂಡಿ ಕೊರೆದು ಗುಂಡಿಗೆ ಮೂಡುವುದನ್ನು ನೋಡುವವರು. ಶಿವಮ್ಮ ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ಮೈಕ್ರೋಸ್ಕೋಪಿನ ಕೆಳಗೆ ಭ್ರೂಣ ಸಿದ್ಧವಾಗಿಡುವ ಹೊಣೆ ಅವರದು.

ನಾಗಲಕ್ಷ್ಮಿ ಪರದೆಯ ಮೇಲೆ ಐದು ತಂಡಗಳ ಅಂಕಿಗಳನ್ನು ತೋರಿಸಿದಾಗ ಮುಂದಿನ ಸಾಲಿನಿಂದ ಗುರುಪಾದಸ್ವಾಮಿ ಕೈ ಎತ್ತಿದರು. ಎಪ್ಪತ್ತು ದಾಟಿದ್ದರೂ ಗಟ್ಟಿ ದನಿ.

"ಆ ಮೂರು ತಂಡ ತೆಗೆಯಿರಿ ಅಂತ ಹೇಳಿದ್ದೆನಲ್ಲಮ್ಮ?"

"ಮತ್ತೆರಡು ತಂಡ ಮಾಡಿದೆವು ಸರ್. ಅದೇ ಬಂತು."

"ಮಾಡಿದ್ದು ಯಾರು? ಅದೇ ಅಟೆಂಡರಾ?"

ನಾಗಲಕ್ಷ್ಮಿ ಪರದೆಯ ಕಡೆಗೆ ತಿರುಗಿಕೊಂಡರು. ಶಿವಮ್ಮ ಎದ್ದು ನಿಂತರು.

"ನಾನೇ ಮಾಡಿದ್ದು ಸಾರ್. ನಿಮ್ಮನ್ನೊಂದು ಮಾತು ಕೇಳ್ಬೇಕು. ನೀವು ಆ ಪಟ್ಟಿ ಮಾಡುವಾಗ ಮೊಟ್ಟೆ ಎಲ್ಲಿಂದ ಬರ್ತಿದ್ದೋ?"

ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಗುರುಪಾದಸ್ವಾಮಿ ತಿರುಗಿ ನೋಡಿದರು. ಉತ್ತರ ಕೊಡದಿದ್ದರೆ ಹೆದರಿದಂತಾಗುತ್ತದೆ ಎನಿಸಿರಬೇಕು.

"ಬಿತ್ತನೆ ಕೋಠಿಯಿಂದ."

"ಎಷ್ಟೊತ್ಗ ಬರ್ತಿದ್ದೋ?"

"ಬೆಳಿಗ್ಗೆ ಹತ್ತಕ್ಕೆ ಲ್ಯಾಬಿಗೆ ಬರೋದು. ಬಂದ ಕೂಡಲೇ ಲೆಕ್ಕ ಶುರು. ಒಂದು ನಿಮಿಷ ತಡ ಮಾಡ್ತಿರಲಿಲ್ಲ ನಾವು."

"ನಾನು ಮೂವತ್ತೊಂದು ವರ್ಷ ಕೋಠೀಲಿದ್ದೆ ಸಾರ್. ಚಿಟ್ಟೆ ಬೆಳಿಗ್ಗೆ ಹತ್ಗಂಟ್ಗ ಮೊಟ್ಟೆ ಇಕ್ಕಾದಿಲ್ಲ. ಹಿಂದಿನ್ ದಿನ ಸಂಜೆ ಏಳಕ್ಕ ಇಕ್ಕಿರ್ತದ. ಹಾಳೆ ನಾವು ಬೆಳಿಗ್ಗೆ ಕೊಡ್ತಿದ್ದೋ. ಏಳ್ರಿಂದ ಹತ್ತಕ್ಕ ಎಷ್ಟಾಯ್ತು? ಹದಿನೈದು ಗಂಟೆ. ಆ ರಾತ್ರಿ ಪೂರಾ ಮರಿ ಒಳಗ ಬೆಳೀತಾ ಇತ್ತು. ನಿಮ್ಮ ಪುಸ್ತಕದಲ್ಲಿ ಆ ರಾತ್ರಿ ಎಲ್ಲೋಯ್ತು?"

ಯಾರೋ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಗುರುಪಾದಸ್ವಾಮಿಯವರ ಮುಖ ಕೆಂಪೇರಿತು.

"ನಾನು ಅಟೆಂಡರ್ ಜೊತೆ ವಾದ ಮಾಡೋಕೆ ಇಷ್ಟು ದೂರ ಬಂದಿಲ್ಲ."

"ವಾದ ಬ್ಯಾಡಿ ಸಾರ್. ಪಕ್ಕದ ರೂಮ್ನಲ್ಲಿ ಮೈಕ್ರೋಸ್ಕೋಪ್ ಅದ. ಏಳಕ್ಕ ಇಕ್ಕಿದ ಮೊಟ್ಟೆ, ನಿನ್ನೆ ರಾತ್ರಿ ಒಂಬತ್ತಕ್ಕ ನೂರಿಪ್ಪತ್ತೆರಡು ಗಂಟೆ ಆದಾಗ ಸಿಪ್ಪೆ ಬುಡಿಸಿ ಇಟ್ಟಿದ್ದೀನಿ. ಇನ್ನೂ ಹೊರಳಿಲ್ಲ. ನನ್ನ ನೋಡ್ಬ್ಯಾಡಿ, ಅದ್ನ ನೋಡಿ."

ಅವರು ನೋಡಲಿಲ್ಲ. ಊಟಕ್ಕೂ ನಿಲ್ಲದೆ ಕಾರು ಹತ್ತಿದರು. ಆದರೆ ಮೀನಿನ ಲ್ಯಾಬಿನ ಹುಡುಗಿಯೊಬ್ಬಳು ಎದ್ದು ಪಕ್ಕದ ಕೋಣೆಗೆ ಹೋದಳು. ಅವಳ ಹಿಂದೆ ಇನ್ನಿಬ್ಬರು. ಕಡೆಗೆ ಸಭೆಯ ಅರ್ಧ ಜನ ಸಾಲು ನಿಂತು, ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಿ ಹೊರಬಂದರು.

ಇದರ ಫಲ ಹದಿನೈದು ದಿನದೊಳಗೆ ಬಂತು. ಶಿವಮ್ಮನವರ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದು ಕಾಲೇಜು ತಿಳಿಸಿತು. ಕಾರಣ ಬರೆದಿರಲಿಲ್ಲ. ಪತ್ರವನ್ನು ನಾಗಲಕ್ಷ್ಮಿಯೇ ತಂದುಕೊಟ್ಟರು.

"ನಾನು ಅವತ್ತು ಬಾಯಿ ಬಿಡಬೇಕಿತ್ತು ಶಿವಮ್ಮ."

"ಬುಡಬೇಕಿತ್ತು," ಎಂದರು ಶಿವಮ್ಮ. ಸಮಾಧಾನದ ಮಾತನ್ನು ಸೇರಿಸಲಿಲ್ಲ. "ನನ್ನ ಕೆಲಸ ತೆಗೀಲಿ. ನನ್ನ ಲೆಕ್ಕ ತೆಗಿಯಂಗಿಲ್ಲ. ಅದ್ನ ನೀವು ನೋಡ್ಕಬೇಕು."

ನಾಗಲಕ್ಷ್ಮಿ ಎರಡು ದಿನ ಯಾರ ಫೋನನ್ನೂ ಎತ್ತಲಿಲ್ಲ. ಮೂರನೇ ದಿನ ದಿಲೀಪನನ್ನು ಕರೆದು ಪ್ರಬಂಧವನ್ನು ಹೊಸದಾಗಿ ಬರೆಯಲು ಕೂರಿಸಿಕೊಂಡರು. ಐದೂ ತಂಡದ ಅಂಕಿಗಳು ಅದರಲ್ಲಿದ್ದವು. ಹಳೆಯ ಪಟ್ಟಿಯಲ್ಲಿ ಹದಿನೈದು ಗಂಟೆ ಹೇಗೆ ಬಿಟ್ಟುಹೋಯಿತು ಎಂಬುದಕ್ಕೆ ಒಂದು ಪುಟವೇ ಮೀಸಲಾಯಿತು. ಲೇಖಕರ ಹೆಸರುಗಳಲ್ಲಿ ಶಿವಮ್ಮನವರದು ಮೊದಲು, ಆಮೇಲೆ ದಿಲೀಪ್, ಕೊನೆಗೆ ನಾಗಲಕ್ಷ್ಮಿ. ಗುರುವಿನ ಹೆಸರಿರಲಿಲ್ಲ. ಮುಂದಿನ ಹಂತದ ಯೋಜನೆ ಕೈತಪ್ಪಬಹುದೆಂದು ನಾಗಲಕ್ಷ್ಮಿಗೆ ಗೊತ್ತಿತ್ತು. ತಪ್ಪಿತು ಕೂಡ.

ಹೆಸರಿನ ಕೆಳಗೆ ಸಂಸ್ಥೆಯ ವಿಳಾಸ ಕೊಡಬೇಕಿತ್ತು. ದಿಲೀಪ್ ಗುಂಡ್ಲುಪೇಟೆಗೇ ಬಂದು, "ಏನು ಬರೀಲಿ ಅಕ್ಕಾ? ಈಗ ನೀವು ಕಾಲೇಜಿನವರಲ್ಲ," ಎಂದ.

"ನಮ್ಮ ಬೀದಿ ಹೆಸ್ರು ಬರಿ. ಗುಂಡ್ಲುಪೇಟೆ ಅಂತ ಬರಿ. ನಾನೇನು ಊರಿಲ್ದೋಳಾ?"

ಮೊದಲ ಪತ್ರಿಕೆ ಪ್ರಬಂಧವನ್ನು ತಿರಸ್ಕರಿಸಿತು. ಎರಡನೇ ಪತ್ರಿಕೆಯ ಪರಿಶೀಲಕರೊಬ್ಬರು ಮೊದಲ ಲೇಖಕಿಯ ವಿದ್ಯಾರ್ಹತೆ ಏನೆಂದು ಕೇಳಿದರು. ನಾಗಲಕ್ಷ್ಮಿ ಆ ಪ್ರಶ್ನೆಯನ್ನು ಫೋನಿನಲ್ಲಿ ಓದಿಹೇಳಿದರು. ಶಿವಮ್ಮ ಹೇಳಿದ ಉತ್ತರವನ್ನು ಹಾಗೆಯೇ ಇಂಗ್ಲಿಷಿಗೆ ಹಾಕಿ ಕಳಿಸಿದರು: ಏಳನೇ ತರಗತಿ, ಮೂವತ್ತೊಂದು ವರ್ಷ ಮೈಕ್ರೋಸ್ಕೋಪ್, ಅನುಮಾನವಿದ್ದರೆ ಚಿಟ್ಟೆ ತಂದು ಸಂಜೆ ಏಳಕ್ಕೆ ಕೂತು ನೋಡುವುದು. ಪರಿಶೀಲಕರು ಬೇರೊಂದು ಲ್ಯಾಬಿನಿಂದ ಮಾಡಿಸಿ ತೋರಿಸಿ ಎಂದರು. ಸಭೆಯಲ್ಲಿ ಮೊದಲು ಎದ್ದು ಹೋಗಿದ್ದ ಮೀನಿನ ಲ್ಯಾಬಿನ ಹುಡುಗಿ ತಾನೇ ಒಪ್ಪಿಕೊಂಡು, ತಿಂಗಳುಗಟ್ಟಲೆ ರೇಷ್ಮೆ ಹುಳು ಸಾಕಿ, ಎರಡು ತಂಡ ಮಾಡಿದಳು. ನೂರಮೂವತ್ತನಾಲ್ಕು, ನೂರಮೂವತ್ತೈದು. ಪ್ರಬಂಧ ಅಚ್ಚಾಯಿತು.

ಅದನ್ನು ದಿಲೀಪ್ ಪ್ರಿಂಟ್ ತೆಗೆಸಿ ತಂದುಕೊಟ್ಟ. ಪುಟ್ಟಮಾದಯ್ಯ ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಅಕ್ಷರಗಳ ನಡುವೆ ಹೆಂಡತಿಯ ಹೆಸರನ್ನು ಹುಡುಕಿ, ಬೆರಳಿಟ್ಟು, ಮಂಡಿಯವರಿಗೆಲ್ಲ ತೋರಿಸಿ ಬಂದರು. ಬುದ್ಧಿಯೋರ ಮಾತು ಮತ್ತೆ ಎತ್ತಲಿಲ್ಲ.

ಆದರೆ ಅದೇ ವರ್ಷ ಗುರುಪಾದಸ್ವಾಮಿಯವರ ಪಠ್ಯಪುಸ್ತಕದ ಹೊಸ ಮುದ್ರಣ ಬಂತು. ಪಟ್ಟಿ ಹಾಗೆಯೇ ಇತ್ತು, ನೂರಿಪ್ಪತ್ತು ಗಂಟೆ ಎಂದೇ.

ಶಿವಮ್ಮ ಒಂದು ಭಾನುವಾರ ದಿಲೀಪನನ್ನು ಕರೆಸಿಕೊಂಡರು. ಪುಸ್ತಕದ ಇಂಥ ಪುಟದಲ್ಲಿ ತಪ್ಪಿದೆ, ತಿದ್ದಬೇಕು ಎಂದು ಕನ್ನಡದಲ್ಲಿ ಒಂದು ಪತ್ರ ಬರೆಸಿ, ಕೆಳಗೆ ತಾವೇ ಸಹಿ ಮಾಡಿ, ಪ್ರಕಾಶಕರಿಗೊಂದು ಗುರುಪಾದಸ್ವಾಮಿಯವರಿಗೊಂದು ರಿಜಿಸ್ಟರ್ ಪೋಸ್ಟ್ ಮಾಡಿದರು.

"ಅವರು ಉತ್ತರ ಕೊಡಲ್ಲ ಅಕ್ಕಾ," ಎಂದ ದಿಲೀಪ್.

"ಕೊಡದಿದ್ರ ಬುಡು. ಬರೀದೇ ಇರಾಕಾಯ್ತದಾ?"

ಉತ್ತರ ಬರಲಿಲ್ಲ. ಮುಂದಿನ ತಿಂಗಳು ಇನ್ನೊಂದು ಪತ್ರ ಬರೆಸಿದರು.