ಮೇಷ್ಟ್ರ ಅಂಗಿಯ ಗುಂಡಿ

"ಯಾರೂ ನೋಡೋಕೆ ಬರಬಾರದು ಅಂದಿದ್ದಾರೆ ಡಾಕ್ಟರು," ಎಂದ ರೈಲಪ್ಪ, ಬಾಗಿಲನ್ನು ತನ್ನ ಮುಖ ಕಾಣುವಷ್ಟೇ ತೆರೆದು.

ಹೊರಗೆ ನಿಂತಿದ್ದ ಮೇಲಿನ ಮಹಡಿಯ ಮೇಷ್ಟ್ರು ಕೈಯಲ್ಲಿದ್ದ ಅಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. "ಹಾಗಾದ್ರೆ ಬೇಡಪ್ಪ. ನಾನು ಬಂದಿದ್ದೆ ಅಂತ ತಂಗಿಗೆ ಹೇಳಿ, ಸಾಕು."

"ಹೇಳ್ತೀನಿ."

ಹೇಳಲಿಲ್ಲ. ಡಾಕ್ಟರು ಅಂದದ್ದೂ ಬೇರೆ. ಹೆಂಡತಿಯ ಗಂಟಲಿನ ಸಣ್ಣ ಗಂಟು ತೆಗೆದ ಮೇಲೆ ಅವರು ಹೇಳಿದ್ದು, ಎರಡು ವಾರ ಮಾತಾಡಬಾರದು, ಪಿಸುಮಾತೂ ಬೇಡ ಎಂದಷ್ಟೇ. ಜನ ಬರಬಾರದು ಎಂಬುದನ್ನು ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ರೈಲಪ್ಪ ತಾನೇ ಸೇರಿಸಿಕೊಂಡಿದ್ದ.

ರೈಲು ಓಡಿಸಿ ನಿವೃತ್ತನಾದವನಿಗೆ ಆ ಕಟ್ಟಡದವರು ಇಟ್ಟ ಹೆಸರು ರೈಲಪ್ಪ. ಅವನು ಹಳಿಯ ಮೇಲಿದ್ದ ವರ್ಷಗಳಲ್ಲಿ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಕೆಂಪು ಸಿಗ್ನಲ್ಲಿನ ಮುಂದೆ ಕಾಯುವಾಗಲೆಲ್ಲ ಅವನು ಅಂದುಕೊಳ್ಳುತ್ತಿದ್ದ: ಒಂದು ದಿನ ಇದೆಲ್ಲ ಮುಗಿಯುತ್ತದೆ, ಆಮೇಲೆ ಅವಳು ಮತ್ತು ನಾನು. ಮುಗಿಸಿ ಬಂದು ನೋಡಿದರೆ ಮನೆಯಲ್ಲಿ ಅವನಿಗೆ ಕೂರಲು ಜಾಗವಿರಲಿಲ್ಲ. ಜಿಪ್ಪು ಕೆಟ್ಟಿತೆಂದು ಬಂದವಳು ಗಂಡನ ಜಗಳ ಹೇಳಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಎದುರುಮನೆಯ ನರ್ಸು ಡ್ಯೂಟಿ ಮುಗಿಸಿ ಬಂದವಳು ಮೊದಲು ಚಪ್ಪಲಿ ಬಿಡುತ್ತಿದ್ದುದು ಇಲ್ಲಿ.

ಎಲ್ಲರಿಗಿಂತ ಮಿಗಿಲು ಮೇಷ್ಟ್ರು. ಅವರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಅಂದಿನಿಂದ ದಿನಾ ಮಧ್ಯಾಹ್ನ ಕಿತ್ತುಹೋದ ಗುಂಡಿ ಹಿಡಿದು ಇಳಿದು ಬರುತ್ತಿದ್ದರು. ಅಷ್ಟು ನಿಯತ್ತಿಲ್ಲದ ಗುಂಡಿಗಳನ್ನು ರೈಲಪ್ಪ ಎಲ್ಲೂ ಕಂಡಿರಲಿಲ್ಲ. ಈ ಮನುಷ್ಯ ಬ್ಲೇಡು ಹಾಕಿ ತಾನೇ ಕೀಳುತ್ತಾನೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಹೆಂಡತಿ ಮಾತ್ರ ಪ್ರತಿ ಸಲವೂ "ಅಯ್ಯೋ, ಮತ್ತೆ ಕಿತ್ತೋಯ್ತಾ ಅಣ್ಣ?" ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು. ಆ ದನಿಯಲ್ಲಿ ಅವಳು ತನ್ನನ್ನು ಏನನ್ನಾದರೂ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಒಳಗೆ ಪೇಪರು ಹಿಡಿದು ಕೂತವನು ಹೊರಗಿನ ನಗು ಕೇಳಿದಾಗಲೆಲ್ಲ ಹೊಟ್ಟೆಕಿಚ್ಚಿನಿಂದ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ.

ಮೇಷ್ಟ್ರನ್ನು ಬಾಗಿಲಿಂದಲೇ ಕಳಿಸಿದ ದಿನ ಸಂಜೆಯೇ ಅವನು ಕಾಲಿಂಗ್ ಬೆಲ್ಲಿನ ವೈರು ಬಿಚ್ಚಿದ. ಹೆಂಡತಿಯ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ. ಜನ ಬರುವ ಹೊತ್ತಿಗೆ ಪೇಪರು ಹಿಡಿದು ಬಾಗಿಲ ಹೊರಗೆ ನಿಂತು, ಬಂದವರನ್ನು ಬಂದ ದಾರಿಯಲ್ಲೇ ಕಳಿಸಿದ. ಮನೆ ತಣ್ಣಗಾಯಿತು. ಅವನು ತನ್ನ ರೈಲಿನ ಕಥೆಗಳನ್ನು ಒಂದೊಂದಾಗಿ ತೆಗೆದ. ಅವಳು ತಲೆಯಾಡಿಸುತ್ತ ಕೇಳಿದಳು. ಬದುಕು ಕೊನೆಗೂ ತನ್ನ ಕೈಗೆ ಸಿಕ್ಕಿತು ಅನ್ನಿಸಿತು ಅವನಿಗೆ.

ಕೆಲವು ದಿನ ಕಳೆದ ಮೇಲೆ ಅವಳು ಕಪ್ಪು ಬಟ್ಟೆಯ ತುಂಡೊಂದರ ಮೇಲೆ ಹೊಲಿಗೆಯ ಸೀಮೆಸುಣ್ಣದಿಂದ ಬರೆದು ತೋರಿಸಿದಳು: 'ಅಣ್ಣ ಬರಲಿಲ್ವಾ?'

"ಯಾರೂ ಬಂದಿಲ್ಲ," ಎಂದ. "ಮಾತಿತ್ತು, ಬರೋರು. ಮಾತು ನಿಲ್ತು, ಅವರೂ ನಿಂತ್ರು. ಈಗಲಾದ್ರೂ ಗೊತ್ತಾಯ್ತಾ ನಿನ್ನೋರು ಯಾರು ಅಂತ?"

ಅವಳು ತನ್ನ ಕೈ ಹಿಡಿಯಬಹುದೆಂದು ಕಾದ. ಅವಳು ಬಟ್ಟೆ ಕೊಡವಿ ಸೀಮೆಸುಣ್ಣ ಉದುರಿಸಿದಳು, ಅಷ್ಟೇ. ಮಾರನೆಯ ದಿನ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು, ಹೊಲಿದು ಮುಗಿಸಿದ್ದ ಮಗುವಿನ ಫ್ರಾಕೊಂದರ ಹೊಲಿಗೆ ಬಿಚ್ಚಿ ಮತ್ತೆ ಅದನ್ನೇ ಹೊಲಿದಳು. ರೈಲಿನ ಕಥೆಗೆ ಈಗ ತಲೆಯೂ ಆಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಔಷಧಿ ತರಲು ಹೊರಟವನಿಗೆ ಮೆಟ್ಟಿಲ ತಿರುವಿನಲ್ಲಿ ಮೇಷ್ಟ್ರು ಸಿಕ್ಕಿದರು. ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸಲು ಒದ್ದಾಡುತ್ತ ಕೂತಿದ್ದರು. ಮೈಮೇಲೆ ಬನಿಯನ್ನು, ತೊಡೆಯ ಮೇಲೆ ಅಂಗಿ. ದಾಟಿ ಹೋಗೋಣವೆಂದರೆ ದಾರಿ ಬಿಡುವಂತೆ ಕೂತಿರಲಿಲ್ಲ.

"ಹೇಗಿದ್ದಾಳೆ ತಂಗಿ?"

"ಪರವಾಗಿಲ್ಲ."

"ನೀವು?"

"ನನಗೇನಾಗಿದೆ?"

"ನಿದ್ದೆಗಿದ್ದೆ ಮಾಡ್ತೀರೋ ಇಲ್ವೋ ಅಂತ. ಕಾಯಿಲೆಯವರಿಗಿಂತ ನೋಡ್ಕೊಳ್ಳೋರು ಸೊರಗ್ತಾರೆ. ನಾನು ಕಂಡಿದ್ದೀನಲ್ಲ." ಮೇಷ್ಟ್ರು ಸೂಜಿ ಕೆಳಗಿಳಿಸಿ ನಕ್ಕರು. "ನಿಮ್ಮ ಗಾಡಿ ಸೇತುವೆ ದಾಟೋ ಹೊತ್ತು ಇದು."

"ಯಾವ ಸೇತುವೆ?"

"ನಾನೇನು ನೋಡಿದ್ದೀನಾ? ತಂಗಿ ಹೇಳೋಳು. ಹೊಲೀತಾ ಹೊಲೀತಾ ಗಡಿಯಾರ ನೋಡಿ, 'ಈಗ ಅವರು ಸೇತುವೆ ದಾಟಿರ್ತಾರೆ ಅಣ್ಣ, ಇನ್ನು ಭಯ ಇಲ್ಲ' ಅನ್ನೋಳು. ಆಮೇಲೇ ಟೀಗೆ ಇಡ್ತಿದ್ದಿದ್ದು. ಆಗ ನಮ್ಮ ಮಾತೆಲ್ಲ ಹೆಚ್ಚುಕಮ್ಮಿ ನಿಮ್ಮದೇ. ನೀವು ಮನೇಲೇ ಕೂತ ಮೇಲೆ ನಂಗೆ ಏನು ಕೇಳ್ಬೇಕು ಅಂತಾನೇ ತಿಳೀತಿರ್ಲಿಲ್ಲ ನೋಡಿ."

ರೈಲಪ್ಪ ಕಂಬಿ ಹಿಡಿದುಕೊಂಡ. ಇಂಥ ಹೊತ್ತಿನಲ್ಲೂ ಅವನಲ್ಲಿ ಮೊದಲು ಎದ್ದದ್ದು ಹೊಟ್ಟೆಕಿಚ್ಚೇ, ಆ ಸೇತುವೆ ದಾಟುತ್ತಿದ್ದ ಹಳೆಯ ರೈಲಪ್ಪನ ಮೇಲೆ. ಅವನಿಗಾಗಿ ಈ ಮನೆಯಲ್ಲಿ ಗಡಿಯಾರ ನೋಡುವವರಿದ್ದರು. ಅವನು ಬದುಕಿ ಉಳಿದ ಸುದ್ದಿಗೆ ಇಬ್ಬರು ಕೂತು ಟೀ ಕುಡಿಯುತ್ತಿದ್ದರು. ಆ ಪುಣ್ಯಾತ್ಮನಿಗೆ ಅದು ಗೊತ್ತೇ ಇರಲಿಲ್ಲ.

ಮೇಷ್ಟ್ರು ಮತ್ತೆ ಸೂಜಿ ಎತ್ತಿಕೊಂಡಿದ್ದರು. ಅವರ ಬೆರಳ ತುದಿಯಲ್ಲಿ ರಕ್ತದ ಚುಕ್ಕಿಗಳಿದ್ದವು.

"ಏಳಿ ಮೇಷ್ಟ್ರೇ. ಮನೆಗೆ ಬನ್ನಿ."

"ಡಾಕ್ಟರು ಬೇಡ ಅಂದಿದ್ದಾರಲ್ಲಪ್ಪ?"

"ಡಾಕ್ಟರು ಹಾಗೇನೂ ಅಂದಿರ್ಲಿಲ್ಲ."

ಮೇಷ್ಟ್ರು ಅವನ ಮುಖವನ್ನೇ ನೋಡಿದರು. ಅವನ ತೋಳು ಹಿಡಿದುಕೊಂಡು ಎದ್ದರು.

ಬಾಗಿಲಲ್ಲಿ ಅವರನ್ನು ಕಂಡು ಹೆಂಡತಿ ಕುರ್ಚಿಯಿಂದ ಅರ್ಧ ಎದ್ದಳು. ಧೈರ್ಯ ಇಳಿದುಹೋಗುವ ಮೊದಲೇ ರೈಲಪ್ಪ ಹೇಳಿಬಿಟ್ಟ: "ಇವರು ದಿನಾ ಬಂದಿದ್ರು ಕಣೇ. ನರ್ಸೂ ಬಂದಿದ್ಲು. ಎಲ್ರೂ ಬಂದಿದ್ರು. ನಾನೇ ವಾಪಸ್ ಕಳಿಸ್ದೆ." ಜೇಬಿನಿಂದ ಅವಳ ಫೋನು ತೆಗೆದು ಯಂತ್ರದ ಮೇಲಿಟ್ಟ.

ಅವಳು ಬಾಯಿ ತೆರೆದಳು. ಮಾತಾಡಬಾರದೆಂಬುದು ನೆನಪಾಗಿ ಮುಚ್ಚಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು. ಅವಳು ಕಣ್ಣೊರೆಸಿಕೊಂಡು, ಮೇಷ್ಟ್ರ ಕೈಯಿಂದ ಅಂಗಿ ಕಿತ್ತುಕೊಂಡಳು.

ನಿಂತಲ್ಲಿ ನಿಲ್ಲಲಾಗದೆ ರೈಲಪ್ಪ ಅಡುಗೆಮನೆಗೆ ಹೋಗಿ ಟೀಗೆ ಇಟ್ಟ. ಸಕ್ಕರೆ ಹುಡುಕಿ ಡಬ್ಬಿಗಳನ್ನು ತಡಕಾಡುವ ಸದ್ದು ಹೊರಗೆ ಕೇಳಿಸಿರಬೇಕು.

"ಕೆಳಗಿನ ಗೂಡು, ನೀಲಿ ಮುಚ್ಚಳ!" ಮೇಷ್ಟ್ರು ಕೂಗಿ ಹೇಳಿದರು.

ತನ್ನ ಮನೆಯ ಸಕ್ಕರೆ, ತೋರಿಸುವವರು ಇವರು! ಆದರೂ ನೀಲಿ ಮುಚ್ಚಳ ತೆಗೆದ.

ಅವನು ಲೋಟಗಳನ್ನು ತಂದಾಗ ಅವಳು ಗುಂಡಿ ಹಚ್ಚುತ್ತಿದ್ದಳು. ಮೇಷ್ಟ್ರು ಬನಿಯನ್ನಿನಲ್ಲೇ ಕೂತು ಬೀದಿ ನೋಡುತ್ತಿದ್ದರು. ಅವಳು ಅವನ ಕಡೆ ನೋಡದೆ ಲೋಟ ತೆಗೆದುಕೊಂಡಳು. ರೈಲಪ್ಪ ತನ್ನ ಲೋಟ ಹಿಡಿದು ಗೋಡೆಗೆ ಒರಗಿ ನಿಂತ. ಸ್ವಲ್ಪ ಹೊತ್ತಾದ ಮೇಲೆ ಅವಳು, ಕಣ್ಣು ಸೂಜಿಯ ಮೇಲೇ ಇಟ್ಟುಕೊಂಡು, ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನೆತ್ತಿ ತನ್ನ ಮಡಿಲಿಗೆ ಹಾಕಿಕೊಂಡು, ಖಾಲಿ ಸ್ಟೂಲನ್ನು ಕಾಲಿನಿಂದ ಅವನತ್ತ ಸರಿಸಿದಳು.