ಕಾಶೀಬಾಯಿಯ ಸೀನೀರು

“ನಿಲ್ಲಸ್ರಿ! ಅಲ್ಲಿ ಕುಣಿ ತಗೀಬ್ಯಾಡ್ರಿ!”

ಶಾಂಭವಿ ಓಡಿಬಂದು ಮಹಾದೇವನ ಸಲಿಕೆ ಹಿಡಿದುಕೊಂಡಳು. ಬಾವಿಯ ಮಗ್ಗುಲಲ್ಲೇ ಹೂಳುವ ಗುಂಡಿ ಆಗಲೇ ಮೊಳಕಾಲುದ್ದ ಇಳಿದಿತ್ತು. ಪಕ್ಕದ ಮನೆಯ ಮಹಾದೇವ ಗಾಬರಿಯಾಗಿ ಅವಳ ಮಾವ ಈರಯ್ಯನ ಮುಖ ನೋಡಿದ.

“ಬಿಡು ಯವ್ವಾ,” ಎಂದ ಈರಯ್ಯ. “ಬಾವಿ ಬಾಜೂಕ ನನ್ನ ಮಣ್ಣ ಮಾಡ್ರಿ ಅಂತ ನಿಮ್ಮತ್ತಿ ಬಾಯಿಬಿಟ್ಟು ಹೇಳ್ಯಾಳ.”

“ಅತ್ತಿ ಹೋಗಿದ್ದು ವಾಂತಿ-ಭೇದಿಯಿಂದರೀ ಮಾವಾರ. ಇಲ್ಲಿ ಹೂಳಿದ್ರ ಈ ನೀರ ಮುಂದ ಎಂದೂ ಬಾಯಾಗ ಹಾಕ್ಕೊಳ್ಳಾಕ ಬರೂದಿಲ್ಲ.”

“ಮತ್ತೆಲ್ಲಿ ಹೂಳೂನು? ನೀನ ಜಾಗಾ ತೋರ್ಸು.”

ಎಲ್ಲಿ ತೋರಿಸಬೇಕು ಪಾಪ! ಡೋಣಿ ಹೊಳೆ ಎರಡು ಕವಲಾಗಿ ಹೊಲದ ನಡುವಿನ ಅವರ ವಸ್ತಿಯನ್ನು ಸುತ್ತುವರಿದಿತ್ತು. ಮಳೆಗಾಲಕ್ಕೆ ಹೀಗೆ ನಡುಗಡ್ಡೆಯಾಗುವುದು ಹೊಸದಲ್ಲ. ಈ ಸಲ ಹೊಲವೆಲ್ಲ ಮುಳುಗಿ, ನಾಲ್ಕು ಮನೆ ಮತ್ತು ಬಾವಿಯ ದಿಬ್ಬ ಮಾತ್ರ ಉಳಿದಿದ್ದವು. ಶಾಂಭವಿಯ ಗಂಡ ಸಂಗನಬಸವ ತಿಕೋಟಾ ಊರಿನಿಂದ ಬಂದವನು ದಾಟಲಾಗದೆ ಆಚೆ ದಂಡೆಯಲ್ಲೇ ನಿಂತು ಅಳುತ್ತಿದ್ದ. ಸುಡೋಣವೆಂದರೆ ಅವರಲ್ಲಿ ಸುಡುವ ಪದ್ಧತಿಯಿಲ್ಲ. ಅತ್ತೆ ಕಾಶೀಬಾಯಿಯ ಹೆಣ ವಿಭೂತಿ ಹಚ್ಚಿಸಿಕೊಂಡು ಪಡಸಾಲೆಯ ಗೋಡೆಗೆ ಒರಗಿ ಕೂತಿತ್ತು.

* * *

ಡೋಣಿಯ ಸೀಮೆಯಲ್ಲಿ ಹೊಳೆಯ ನೀರೂ ಸವಳು, ಅಗೆದಲ್ಲೆಲ್ಲ ಬರುವ ನೀರೂ ಉಪ್ಪುಪ್ಪು. ವಸ್ತಿಯಲ್ಲಿ ಇದೊಂದೇ ಬಾವಿಯ ನೀರು ಸಿಹಿ. ಕಾಶೀಬಾಯಿಗೆ ಹೆತ್ತ ಮಗನಿಗಿಂತ ಅದರದ್ದೇ ಜಂಬ ಹೆಚ್ಚು. ದಾರಿಹೋಕರನ್ನು ಕರೆದು ಕರೆದು ಕುಡಿಸುವಳು. ಕುಡಿದವರು ‘ಆಹಾ’ ಅನ್ನದ ಹೊರತು ಬಿಡುತ್ತಿರಲಿಲ್ಲ.

ಹೊಳೆ ಏರುವ ಮೊದಲು ಆಶಾ ಕಾರ್ಯಕರ್ತೆ ಶೈಲಾ ಬ್ಲೀಚಿಂಗ್ ಪುಡಿ ತಂದಿದ್ದಳು.

“ಹಾಲಿನಂಥಾ ನೀರಿಗೆ ಇದನ್ನ ಹಾಕ್ತಿ ಏನ ಬೇ? ನಾತ ಹೊಡೀತೈತಿ!”

“ಹೊಳಿ ನೀರ ಬಾವಿ ಒಳಗ ಜಿನಗತೈತ್ರೀ ಕಾಕೂ. ಜಡ್ಡು ಬರ್ತಾವು.”

“ಬಂದ್ರ ಮೊದಲ ನನಗ ಬರ್ಲಿ ತಗೊ!” ಎಂದು ನಕ್ಕ ಕಾಶೀಬಾಯಿ, ಅವಳಿಗೂ ಒಂದು ತಂಬಿಗೆ ಕುಡಿಸಿಯೇ ಕಳಿಸಿದಳು.

ಜಡ್ಡು ಮೊದಲು ಕಾಶೀಬಾಯಿಗೇ ಬಂತು.

* * *

“ಅವ್ವಾ, ನೀರ,” ಮಗಳು ಪ್ರಾಚಿ ಸೆರಗು ಜಗ್ಗಿದಳು. ಬೆಳಗಿನಿಂದ ಆ ಕೂಸಿನ ಹೊಟ್ಟೆಯೂ ಕೆಟ್ಟಿತ್ತು. ಮಣ್ಣಿಗೆ ಬಂದಿದ್ದ ನೆರೆಮನೆಯ ಮುದುಕಿಯೊಬ್ಬಳು, “ಕುಡೀಲಿ ಬಿಡವಾ, ಅಜ್ಜಿ ಬಾವಿ ನೀರು,” ಎಂದು ತಂಬಿಗೆ ಚಾಚಿದಳು. ಶಾಂಭವಿ ಅದನ್ನು ಹೊಡೆದು ಕೆಡವಿದಳು.

“ಈ ನೀರ ಅತ್ತೀನ ತಿಂದೈತಿ! ಈಗ ನನ್ನ ಕೂಸಿನ್ನ ತಿನ್ನಾಕತ್ತೈತಿ. ದಾಟಾಕ ದಾರಿ ಇಲ್ಲ, ದವಾಖಾನಿ ಇಲ್ಲ. ನಾ ಎಲ್ಲಿ ಹೋಗ್ಲಿ?”

“ಸತ್ತಾಕೀ ಬಾವಿಗೆ ಹಂಗ ಅನಬಾರದವಾ,” ಎಂದಳು ಮುದುಕಿ. ಈರಯ್ಯ ಮೊಮ್ಮಗಳ ಒಣಗಿದ ತುಟಿಗಳನ್ನೇ ನೋಡುತ್ತ ನಿಂತ.

“ಕುಣಿ ತಗಿ, ಮಹಾದೇವ,” ಎಂದ ಅವನು.

ಶಾಂಭವಿ ಕೂಸನ್ನು ಎದೆಗವಚಿಕೊಂಡು ಅಲ್ಲೇ ಕೂತಳು. ಹೆಣವನ್ನು ಕುಣಿಯಲ್ಲಿ ಕೂಡಿಸಿ ಬಿಲ್ವಪತ್ರಿ ಏರಿಸಿದರು. ಈರಯ್ಯ ಮೊದಲ ಹಿಡಿ ಮಣ್ಣು ಹಾಕಿದ. ಇನ್ನೊಂದು ಹಿಡಿ ಎತ್ತಿಕೊಂಡು ನೆಟ್ಟಗೆ ಬಾವಿಗೆ ಹೋದ.

“ಕಾಶೀ, ನಿನ್ನ ಬಾವಿ ನಿನಗ ಇರ್ಲಿ,” ಎಂದು ಮಣ್ಣನ್ನು ನೀರಿಗೆ ಬಿಟ್ಟ. “ತೆರದ ಇದ್ರ ಯಾರರ ಕುಡದ ಕುಡೀತಾರ. ಮುಚ್ಚೂನು. ಹೊಳಿ ನೀರ ಕುದಿಸಿ ಕೊಡು ಕೂಸಿಗೆ, ಶಾಂಭವಿ. ಸವಳರ ಇರ್ಲಿ.”

ಮಹಾದೇವ ಒಂದು ಹಿಡಿ ಕುಣಿಗೆ ಹಾಕಿದ, ಒಂದು ಹಿಡಿ ಬಾವಿಗೆ. ಒಬ್ಬೊಬ್ಬರೇ ಹಾಗೇ ಮಾಡಿದರು. ಮುದುಕಿ ಬಿಕ್ಕುತ್ತ ಹಾಕಿದಳು.

ಕಡೆಗೆ ಶಾಂಭವಿ ಮಣ್ಣಿನ ಮುಷ್ಟಿ ಬಿಗಿಹಿಡಿದು ಬಾವಿಯ ಮೇಲೆ ಬಗ್ಗಿದಳು. ಬೆಳಗಿನಿಂದ ಅವಳ ನಾಲಿಗೆಗೆ ಒಂದು ಹನಿ ಬಿದ್ದಿರಲಿಲ್ಲ. ನೀರು ಕೈಗೆಟುಕುವಷ್ಟು ಮೇಲೆ ಬಂದಿತ್ತು, ತಣ್ಣಗೆ, ಬಿದ್ದ ಮಣ್ಣು ತಳಕ್ಕಿಳಿಯುವುದು ಕಾಣುವಷ್ಟು ತಿಳಿಯಾಗಿ.