ಮಾಸು ಹೂಳದ ಊರು

ಫಿನಾಯಿಲಿನ ಘಾಟು ಮೂಗಿನೊಳಗೆ ಸುಡುತ್ತಿದೆ, ಹೆರಿಗೆಯ ಕೋಣೆಗೆ ಈ ವಾಸನೆ ಯಾಕೆ, ನಮ್ಮೂರಲ್ಲಿ ಲೋಬಾನದ ಹೊಗೆ ಇರುತ್ತಿತ್ತು, ಬಿಸಿನೀರಿನ ಆವಿ — ಬಾಗಿಲು ಮುಚ್ಚಿದೆ, ಒಳಗೆ ಸುಂದ್ರವ್ವ ನರಳುತ್ತಿದ್ದಾಳೆ, ನನ್ನ ಕೈಯಲ್ಲೇ ಹುಟ್ಟಿದವಳು, ಬೆನ್ನಿಗೆ ಒತ್ತುಗೊಟ್ಟು ಯಾರೂ ಕೂತಿರಲಿಕ್ಕಿಲ್ಲ. ಸೂಲಗಿತ್ತಿ ಜೈತುನಬಿಗೆ, ನನಗೆ, ಸುತ್ತಿನ ಹಳ್ಳಿಯವರು ಗಾಡಿ ಕಟ್ಟಿ ಕಳಿಸುತ್ತಿದ್ದರು, ಅಂಧೇರಿಯ ಈ ಆಸ್ಪತ್ರೆಯಲ್ಲಿ ನರ್ಸು ತೋಳು ಹಿಡಿದು ಹೊರಗೆ ಬಿಟ್ಟಳು, ತುಮ್ ಬಾಹರ್ ಬೈಠೋ ಮಾಯಿ, ಕೂತಿದ್ದೇನೆ. ಪಕ್ಕದಲ್ಲಿ ಸುಂದ್ರವ್ವನ ಗಂಡ ನಿಂಗಣ್ಣ, ಉಗುರಿನೊಳಗಿನ ಸಿಮೆಂಟು ಕೆರೆಯುತ್ತ — ಇವನೂ ನನ್ನ ಕೈಯ ಕೂಸೇ. ಮೊದಲು ಇವನ ಅಣ್ಣ ಬಂದ, ಇಲ್ಲಿ ಬಿಲ್ಡಿಂಗ್ ಏಳುತ್ತಿವೆ, ವರ್ಷವಿಡೀ ಕೆಲಸ ಎಂದು ಹೇಳಿ ಕಳಿಸಿದ, ನಮ್ಮಲ್ಲಿ ಸುಗ್ಗಿ ಮುಗಿದರೆ ಕೈ ಖಾಲಿ, ತಮ್ಮ ಬಂದ, ಭಾವಮೈದುನರು ಬಂದರು, ಆಮೇಲೆ ಹೆಂಡಂದಿರು, ಬಾಂಗ್ಲಾ ಯುದ್ಧದ ವರ್ಷ ನನ್ನ ಮಗ ಉಸ್ಮಾನನೂ ಹೊರಟ, ಜೋಗೇಶ್ವರಿಯ ಚಾಳಿನಲ್ಲಿ ಈಗ ನಮ್ಮ ಓಣಿಯೇ ಇದೆ, ಊರಲ್ಲಿ ಓಣಿಯಿಲ್ಲ. ಹೆರುವ ವಯಸ್ಸಿನವರು ಉಳಿಯಲಿಲ್ಲ, ಕೂಸಿನ ಅಳು ಕೇಳದೆ ಒಂದು ವರ್ಷ ಕಳೆಯಿತು, ಉಸ್ಮಾನ ಬಂದು ಅಂದ, ಅಮ್ಮಾ, ಯಾರಿಗಂತ ಇಲ್ಲಿ ಕುಂತೀದಿ, ನಿನ್ನ ಹೆಣ್ಮಕ್ಕಳೆಲ್ಲ ಅಲ್ಲೇ ಅದಾರ, ನಡಿ. ನಡೆದೆ, ಬಸುರಿಯರು ಹೋದಲ್ಲಿಗೆ ಸೂಲಗಿತ್ತಿಯೂ ಹೋಗಬೇಕಲ್ಲ, ಬಂದರೆ ಇಲ್ಲಿ ಎಲ್ಲರಿಗೂ ದವಾಖಾನೆ. ಸುಂದ್ರವ್ವ ಮಾತ್ರ ಕೈ ಹಿಡಿದುಕೊಂಡು, ಜೈತುನಮ್ಮ, ನೀವಽ ಹೆರಿಗಿ ಮಾಡ್ರಿ, ನನಗ ಅಲ್ಲಿ ಅಂಜಿಕಿ ಬರ್ತದ ಅಂದಿದ್ದಳು, ಇವತ್ತು ಹೊಟ್ಟೆ ಮುಟ್ಟಿದೆ, ಕೂಸು ಅಡ್ಡ ಇತ್ತು, ಹಿಂದೆ ಎಷ್ಟೋ ಸಲ ತಿರುಗಿಸಿದ್ದೇನೆ, ಆದರೆ ಈ ಸಲ ಧೈರ್ಯ ಬರಲಿಲ್ಲ, ಕೈ ತೆಗೆದೆ, ನಿಂಗಣ್ಣ, ಟ್ಯಾಕ್ಸಿ ತಗೊಂಬಾ ಅಂದೆ, ಆಗ ಅವಳು ನನ್ನನ್ನು ನೋಡಿದ ನೋಟ — ಅಳು, ಒಳಗಿನಿಂದ ಅಳು, ಗಟ್ಟಿಯಾದ ಅಳು, ನರ್ಸು ಬಾಗಿಲು ಸರಿಸಿ ಲಡಕಾ ಹೈ, ದೋನೋ ಠೀಕ್ ಅಂದಳು, ಗಂಡುಕೂಸು, ನಿಂಗಣ್ಣ ಗೋಡೆಗೆ ಹಣೆ ಹಚ್ಚಿ ನಿಂತ, ಡಾಕ್ಟರು ಕೈಯಿಂದಲೇ ತಿರುಗಿಸಿದರಂತೆ, ಬದುಕಿದರಲ್ಲ, ಸಾಕು, ಸಾಕು ಅನ್ನಬೇಕು. ಮತ್ತೆ ಮಾಸು? ಕೂಸಿನ ಹಿಂದೆ ಬರುವ ಮಾಸನ್ನು ಹಿತ್ತಿಲಲ್ಲಿ ಹೂಳುವವಳು ನಾನೇ, ನಿಂಗಣ್ಣನದನ್ನು ಬೇವಿನ ಬುಡದಲ್ಲಿ, ಸುಂದ್ರವ್ವನದನ್ನು ಬಚ್ಚಲ ಹಿಂದೆ, ಅವರೆಲ್ಲ ಈಗ ಇಲ್ಲಿ, ಅವರ ಮಾಸು ಮಾತ್ರ ಊರಲ್ಲಿ — ನಿಂಗಣ್ಣ, ಹೋಗಿ ಮಾಸು ಇಸ್ಕೋ. ಅವನು ತಲೆಯೆತ್ತಿದ, ಇಸ್ಕೊಂಡು ಎಲ್ಲಿ ಹೂಳೂಣ್ರಿ ಅಮ್ಮ, ಚಾಳಿನ್ಯಾಗ ಒಂದು ಹಿಡಿ ಮಣ್ಣು ಎಲ್ಲಿ ಅದ. ಎಲ್ಲಿದೆ, ಹಾಸುಗಲ್ಲು, ಗಟಾರು, ರೈಲಿನ ಹಳಿ, ಎಲ್ಲಿದೆ, ಮತ್ತೆ ಬಾಗಿಲು ತೆರೆಯುತ್ತದೆ, ಆಯಾ ಬರುತ್ತಾಳೆ, ಬಾಜೂ ಹೋ ಅನ್ನುತ್ತಾಳೆ, ಕಾಲು ಮಡಚಿ ದಾರಿ ಬಿಡುತ್ತೇನೆ, ಅವಳ ಕೈಯಲ್ಲಿ ಮುಚ್ಚಳವಿಲ್ಲದ ಬಿಳಿ ಬಕೀಟು, ಅಂಚಿಗೆ ಕೆಂಪು, ಕೇಳಲೇ, ಏನೆಂದು ಕೇಳಲಿ, ಆ ಬಕೀಟು, ಮೆಟ್ಟಿಲು ಇಳಿಯುತ್ತಿದೆ, ಬಕೀಟು —